ನಲವತ್ತೆರಡು ಬಡಿತದವನು

"ನಲವತ್ತೆರಡು!"

ಯಶ್ಮಿತಾ ಕಿರುಚಿಯೇ ಬಿಟ್ಟಳು. ಪುತ್ತೂರಿನ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯುವ ಕೆಲಸಕ್ಕೆ ಸೇರಿ ಅವಳಿಗಿನ್ನೂ ಎರಡು ತಿಂಗಳು. ನಿಮಿಷಕ್ಕೆ ಬರೀ ನಲವತ್ತೆರಡು ಸಲ ಬಡಿಯುವ ಹೃದಯವನ್ನು ಅವಳು ನೋಡೇ ಇರಲಿಲ್ಲ. ಅದೂ ಮಂಚದ ಮೇಲೆ ಮಲಗಿದವನು ನಗುತ್ತಿದ್ದಾನೆ!

"ಎಂತ ಆಯ್ತು ಮಾರಾಯ್ರೆ?"

"ಏಳ್ಬೇಡಿ! ತಲೆ ತಿರುಗ್ತಾ ಉಂಟಾ?"

"ನಿಮ್ಮ ಬೊಬ್ಬೆಗೆ ಸ್ವಲ್ಪ..."

ಅವನು ಪೆರಾಬೆಯ ಲತೀಶ್. ಅಡಿಕೆ ಮರ ಹತ್ತಿ ಕೊಯ್ಯುವವನು. ಮರ ಹತ್ತುವವರ ವಿಮೆಗೆ ಡಾಕ್ಟರ ಸರ್ಟಿಫಿಕೇಟ್ ಬೇಕಿತ್ತು, ಅದಕ್ಕೇ ಬಂದಿದ್ದ. ಡಾಕ್ಟರು ಬರುವುದು ಮಧ್ಯಾಹ್ನ. ಅಲ್ಲಿವರೆಗೆ ಕಾಯುವ ಜಾತಿಯೇ ಅಲ್ಲ ಈ ಮಹಾಶಯ!

"ಇವತ್ತು ಎಪ್ಪತ್ತು ಮರ ಉಂಟು. ನಾಳೆ ಬರ್ತೇನೆ," ಎಂದವನೇ ಹೊರಟುಹೋದ.

ಯಶ್ಮಿತಾ ಬಾಗಿಲವರೆಗೆ ಓಡಿದಳು. 'ಮರದ ತುದಿಯಲ್ಲಿ ಹೃದಯ ನಿಂತುಬಿಟ್ಟರೆ?' ಅವನು ತುಂಬಿದ ಫಾರ್ಮಿನಲ್ಲಿ ಮನೆಯ ನಂಬರ್ ಇತ್ತು. ಫೋನ್ ಎತ್ತಿದ್ದು ಅವನ ತಾಯಿ ವಸುಮತಿ.

"ಅಮ್ಮಾ, ಮಗನನ್ನು ಮರ ಹತ್ತಿಸ್ಬೇಡಿ. ಅವರ ಹಾರ್ಟ್ ಸರಿ ಇಲ್ಲ!"

ಮಾರನೇ ದಿನ ಮಧ್ಯಾಹ್ನ ಲತೀಶ್ ಬಂದ. ಇವತ್ತು ನಗು ಇರಲಿಲ್ಲ.

"ಅಮ್ಮ ನಿನ್ನೆಯಿಂದ ಊಟ ಮಾಡ್ಲಿಲ್ಲ. ತೋಟದ ಯಜಮಾನ್ರು ದುಗ್ಗಪ್ಪಣ್ಣನಿಗೂ ಹೇಳಿಬಿಟ್ರು. ಅವರು ತೋಟಕ್ಕೆ ಬರುದೇ ಬೇಡ ಅಂದ್ರು. ಕೊಯ್ಲಿನ ಹೊತ್ತಲ್ಲಿ! ಹತ್ತು ವರ್ಷ ದುಡಿದ ಹೆಸರು ನಿಮ್ಮ ಒಂದು ಫೋನಿಗೆ ಹೋಯ್ತು."

ಅವಳು ಇಸಿಜಿ ಹಾಳೆ ಹಿಡಿದು ಡಾಕ್ಟರ ಕೋಣೆಗೆ ನಡೆದಳು.

ಡಾಕ್ಟರ್ ಮನೋರಮಾ ಅವನನ್ನು ಟ್ರೆಡ್‌ಮಿಲ್ ಹತ್ತಿಸಿದರು. ಅರವತ್ತು... ನೂರು... ನೂರ ಅರವತ್ತೆಂಟು! ಯಶ್ಮಿತಾ ಉಸಿರು ಬಿಗಿಹಿಡಿದು ನಿಂತಳು. ಯಂತ್ರ ನಿಂತಿತು. ಒಂದೇ ನಿಮಿಷ... ನೂರ ಹತ್ತು!

"ನೋಡು ಯಶ್ಮಿತಾ," ಡಾಕ್ಟರು ನಕ್ಕರು, "ದಿನಾ ಮರ ಹತ್ತಿ ಹತ್ತಿ ಇವರ ಹೃದಯ ಗಟ್ಟಿಯಾಗಿದೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ತದೆ. ಅದಕ್ಕೇ ಸುಮ್ಮನಿದ್ದಾಗ ನಿಧಾನ. ದುಡಿದಾಗ ಏರ್ತದೆ, ನಿಲ್ಲಿಸಿದ ಕೂಡಲೇ ಇಳೀತದೆ. ನಮ್ಮಿಬ್ಬರಿಗಿಂತ ಒಳ್ಳೆಯ ಹಾರ್ಟ್!"

ಅಯ್ಯೋ ದೇವರೇ... ಆರೋಗ್ಯವನ್ನೇ ಕಾಯಿಲೆ ಅಂತ ಊರಿಗೆಲ್ಲ ಸಾರಿದಳಲ್ಲ!

ಭಾನುವಾರ ರಿಪೋರ್ಟ್ ಹಿಡಿದು ಅವಳೇ ಪೆರಾಬೆಗೆ ಹೋದಳು. ವಸುಮತಿಯ ಕೈ ಹಿಡಿದು ಕ್ಷಮೆ ಕೇಳಿದಳು. ಅಲ್ಲಿಂದ ಲತೀಶನ ಜೊತೆಗೇ ದುಗ್ಗಪ್ಪನ ಅಂಗಳಕ್ಕೆ ಹೋಗಿ, ಕೆಲಸದವರೆಲ್ಲರ ಎದುರು ಹೇಳಿದಳು: "ತಪ್ಪು ನನ್ನದು. ಇವರ ಹೃದಯಕ್ಕೆ ಎಂತದೂ ಆಗಿಲ್ಲ."

"ಹಾಗಾದ್ರೆ ಹತ್ತು ಮಾರಾಯ!" ಎಂದರು ದುಗ್ಗಪ್ಪ.

ಲತೀಶ್ ಸರಸರನೆ ಹತ್ತಿದ. ಒಂದು ಮರ ಕೊಯ್ದು ಇಳಿಯಲೇ ಇಲ್ಲ. ತುದಿಯನ್ನು ತೂಗಾಡಿಸಿ, ಅಷ್ಟೆತ್ತರದಲ್ಲಿ ಪಕ್ಕದ ಮರಕ್ಕೆ ದಾಟಿಬಿಟ್ಟ!

"ಅಮ್ಮಾ!" ಯಶ್ಮಿತಾ ಕಣ್ಣು ಮುಚ್ಚಿಕೊಂಡಳು. 'ಬಿದ್ದರೆ?... ಇವನಿಲ್ಲದಿದ್ದರೆ ನಾನು...' ತನ್ನ ಯೋಚನೆಗೆ ತಾನೇ ಬೆಚ್ಚಿಬಿದ್ದಳು. ನಾನಾ? ಯಾವಾಗಿನಿಂದ?

ಕಣ್ಣು ಬಿಟ್ಟಾಗ ಅವನು ಎದುರಿಗಿದ್ದ. ಕೇಳದೇ ಅವಳ ಮಣಿಕಟ್ಟು ಹಿಡಿದು, ಡಾಕ್ಟರು ನಾಡಿ ನೋಡುವ ಹಾಗೇ, ಅವಳ ವಾಚನ್ನೇ ನೋಡುತ್ತಾ ಎಣಿಸಿದ.

"ನೂರ ಹದಿನೆಂಟು! ಹತ್ತಿದ್ದು ನಾನು. ನಿಮಗೆಂತ ಆಯ್ತು?"

"ನೀವು ಹಾಗೆ ದಾಟಿದ್ರಲ್ಲ... ಹೆದರಿಕೆ ಆಯ್ತು."

"ಇಳಿದು ಆಯ್ತಲ್ಲ. ಒಂದು ನಿಮಿಷದಲ್ಲಿ ಕಮ್ಮಿ ಆಗ್ಬೇಕು ಅಂತ ಲೆಕ್ಕ. ಇನ್ನೂ ಯಾಕೆ ಏರ್ತಾ ಉಂಟು?"

"ಕೈ ಬಿಡಿ... ಆಗ ಇಳೀತದೆ."

"ಬಿಡ್ಬೇಕಾ?"

ಅವಳು ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಮೆಲ್ಲಗೆ, "ಬೇಡ," ಎಂದಳು.

ಲತೀಶನ ಮುಖದಲ್ಲಿ ಮೊದಲ ದಿನದ ಅದೇ ನಗು.

"ಹಾಗಾದ್ರೆ ಇದು ಮನೆಯವರಿಗೆ ಹೇಳ್ಲೇಬೇಕಾದ ವಿಷಯ. ನಿಮ್ಮ ಮನೆ ನಂಬರ್ ಕೊಡಿ. ಅಮ್ಮನ ಹತ್ರ ಫೋನ್ ಮಾಡಿಸ್ತೇನೆ."

ಕಣ್ಣೀರು ಒರೆಸಿಕೊಳ್ಳುತ್ತಾ, ನಗುತ್ತಾ, ಯಶ್ಮಿತಾ ಹತ್ತಂಕಿಯನ್ನೂ ಒಂದೊಂದಾಗಿ ಹೇಳಿದಳು. ಒಂದೂ ತಪ್ಪಲಿಲ್ಲ.