ಹಣೆಗೆ ಹಣೆ

ನಾನು ಮುಖ ಮುಂದೆ ಚಾಚಿದೆ, ರೆವಿ ತನ್ನ ಮುಖ ತಿರುಗಿಸಿಕೊಂಡ.

ಅದೂ ಬ್ಲಫ್ ಬಂದರಿನ ಕಟ್ಟೆಯ ಮೇಲೆ, ಅವನ ನೆಂಟರೆಲ್ಲ ನೋಡುತ್ತಿರುವಾಗ! ನಮ್ಮಲ್ಲಿ ಬೀಳ್ಕೊಡುವುದೆಂದರೆ ಹೋಂಗಿ. ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ, ಇಬ್ಬರೂ ಒಂದೇ ಉಸಿರನ್ನು ಎಳೆದುಕೊಳ್ಳುವುದು. ಅದನ್ನು ತಪ್ಪಿಸಿಕೊಂಡು ಅವನು ಉಪ್ಪಿನ ಚೀಲ ಎತ್ತಲು ಬಗ್ಗಿದ. ನನಗೆ ಮೈಯೆಲ್ಲ ಉರಿದುಹೋಯಿತು.

“ಏನೋ, ನನ್ ಮೈ ಮೀನು ವಾಸ್ನೆ ಬರ್ತಿದ್ಯಾ?” ಎಂದೆ. ಬಂದರಿನಲ್ಲಿ ಮೀನು ಕರಿದು ಮಾರುವವಳು ನಾನು. ಆ ವಾಸನೆಗೇ ಮರುಳಾದೆ ಎಂದು ಅವನೇ ಹೇಳುತ್ತಿದ್ದ.

“ಯಾರ್ಗೂ ಹೋಂಗಿ ಕೊಡ್ಬೇಡ ಅಂದಿದ್ದು ನೀನೇ ತಾನೇ, ನರ್ಸಮ್ಮ?”

ಅಂದದ್ದು ನಿಜ. ಅವನ ಕರುಳಿನ ಕ್ಯಾನ್ಸರಿಗೆ ಕೀಮೋ ಡ್ರಿಪ್ ಶುರುವಾದಾಗಿನಿಂದ ನಾನು ಪೊಲೀಸಿನವಳೇ ಆಗಿಬಿಟ್ಟಿದ್ದೆ. ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ಒಂದೆರಡು ದಿನ ಔಷಧ ಮೈಯಿಂದ ಹೊರಗೆ ಬರುತ್ತಿರುತ್ತದೆ. ಟಾಯ್ಲೆಟ್ಟಿನ ಮುಚ್ಚಳ ಹಾಕಿ ಎರಡೆರಡು ಸಲ ಫ್ಲಶ್ ಮಾಡಿಸುತ್ತಿದ್ದೆ, ಅವನ ಬಟ್ಟೆಗಳನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯುತ್ತಿದ್ದೆ. ರಕ್ತದಲ್ಲಿ ಬಿಳಿಕಣ ಕಡಿಮೆಯಾದ ದಿನಗಳಲ್ಲಿ, ಸೋಂಕು ತಗಲೀತೆಂದು, ಗೆಳೆಯರನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದೆ.

“ಇವಳನ್ನ ಕಟ್ಕೊಂಡ್ರೆ ಕ್ಯಾನ್ಸರೇ ಹೆದರ್ಕೊಂಡು ಓಡ್ಹೋಗತ್ತೆ” ಎಂದು ನಗುತ್ತಿದ್ದ. ಕಟ್ಟಿಕೊಳ್ಳುವ ಮಾತು ಮಾತ್ರ ಅಷ್ಟಕ್ಕೇ ನಿಲ್ಲುತ್ತಿತ್ತು.

ಬೇಸಿಗೆ ಮುಗಿದ ಕೂಡಲೇ ಅವನ ಮನೆತನದವರು ದಕ್ಷಿಣದ ದ್ವೀಪಕ್ಕೆ ಹೋಗಿ ತೀತೀ ಎಂಬ ಕಡಲಹಕ್ಕಿಯ ಮರಿಗಳನ್ನು ಹಿಡಿದು, ಉಪ್ಪು ಹಾಕಿ ಬಕೆಟ್ಟಿನಲ್ಲಿ ತರುತ್ತಾರೆ. ಆ ಮನೆತನದಲ್ಲಿ ಹುಟ್ಟಿದವರು, ಇಲ್ಲವೇ ಅವರ ಕೈಹಿಡಿದವರು ಮಾತ್ರ ಅಲ್ಲಿ ಕಾಲಿಡಬಹುದು. ನಾನು ಉತ್ತರದ ಕಡೆಯವಳು, ವರ್ಷ ವರ್ಷವೂ ಕಟ್ಟೆಯ ಮೇಲೆ ನಿಂತು ಕೈಬೀಸಿದವಳು. ಈ ಸಲ ಎರಡು ಡ್ರಿಪ್‌ಗಳ ನಡುವೆ ಅವನು ಕೆಲವು ದಿನ ಹೋಗಿಬರಲು ಡಾಕ್ಟರು ಗೊಣಗುತ್ತಲೇ ಒಪ್ಪಿದ್ದರು. ಜ್ವರ ಇದ್ದರೆ ಮಾತ್ರ ದೋಣಿ ಹತ್ತುವಂತಿಲ್ಲ. ಕೀಮೋ ನಡೆಯುವಾಗ ಜ್ವರ ಬಂದರೆ ಒಂದು ಗಳಿಗೆಯೂ ತಡ ಮಾಡದೆ ಆಸ್ಪತ್ರೆ ಸೇರಬೇಕು. ದ್ವೀಪದಿಂದ ಅದು ಆಗದ ಮಾತು.

ಬೆಳಿಗ್ಗೆ ನಾನೇ ಥರ್ಮಾಮೀಟರ್ ಇಟ್ಟು ನೋಡಿದ್ದೆ. ಜ್ವರ ಇರಲಿಲ್ಲ.

“ಇವತ್ತು ನನ್ ರೂಲ್ಸಿಗೆ ರಜಾ” ಎಂದು ತಮಾಷೆಗೆ ಅವನ ಕಾಲರ್ ಹಿಡಿದು ಎಳೆದೆ. ಹಣೆಗೆ ಹಣೆ ತಾಗಿತು.

ಸುಡುತ್ತಿತ್ತು. ಅವನು ಉಸಿರು ಬಿಗಿಹಿಡಿದಿದ್ದ.

“ಬೆಳಿಗ್ಗೆ ನಾನು ಜ್ವರ ನೋಡೋಕ್ ಮುಂಚೆ ಏನ್ ತಗೊಂಡೆ?”

“ಟೀ.”

“ಟೀ ಜೊತೆಗೆ?”

ಅವನು ದೋಣಿಯ ಕಡೆ ನೋಡಿದ. “ಪನಡಾಲ್.”

ಮೊದಲು ಜ್ವರ ನೋಡಿ, ಆಮೇಲೆ ಜ್ವರದ ಮಾತ್ರೆ ಎಂದು ನರ್ಸ್ ಹೇಳಿದ್ದಳು. ಮೊದಲೇ ಮಾತ್ರೆ ನುಂಗಿದರೆ ಜ್ವರ ಸ್ವಲ್ಪ ಹೊತ್ತು ಅಡಗಿಕೊಳ್ಳುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ. ಅವನಿಗೆ ಅದನ್ನು ಬಾಯಿಪಾಠ ಮಾಡಿಸಿದವಳು ನಾನೇ. ನನ್ನ ಪಾಠವನ್ನೇ ತಿರುಗಿಸಿ ನನಗೇ ಮೋಸ ಮಾಡಿದ್ದ.

“ಮರೈಯಾ, ಯಾರ್ಗೂ ಗೊತ್ತಿಲ್ಲ. ನೀನು ಸುಮ್ನಿದ್ರೆ ಸಾಕು.” ಅವನು ದನಿ ತಗ್ಗಿಸಿದ. “ಮುಂದಿನ ಸೀಸನ್ನಿಗೆ ನಾನಿರಲ್ಲ ಕಣೇ. ಸತ್ರೆ ಅಲ್ಲೇ ಸಾಯ್ತೀನಿ ಬಿಡು.”

ಸುಮ್ಮನಿದ್ದುಬಿಡೋಣ ಎಂದು ನನಗೂ ಅನ್ನಿಸಿತು. ಆ ಕಣ್ಣುಗಳು ಅಷ್ಟು ಆಸೆಯಿಂದ ನನ್ನನ್ನು ನೋಡಿದ್ದೇ ಇಲ್ಲ. ಆದರೆ ಅವನು ಬೇಕಾಗಿತ್ತು ನನಗೆ, ಇನ್ನೊಂದು ದಿನಕ್ಕಾದರೂ.

“ತಿಪೆನೆ!” ದೋಣಿಯಲ್ಲಿದ್ದ ಅವನ ದೊಡ್ಡಪ್ಪನ ಮಗನನ್ನು ಕೂಗಿದೆ. “ಇವನ್ನ ಹತ್ತಿಸ್ಕೋಬೇಡ! ಜ್ವರ ಇದೆ!”

ದೋಣಿ ಅವನನ್ನು ಬಿಟ್ಟು ಹೊರಟಿತು. ಕಾರಿನಲ್ಲಿ ಆಸ್ಪತ್ರೆಯ ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: “ನನ್ ದ್ವೀಪ ಕಿತ್ಕೊಂಡ್ಬಿಟ್ಟೆ ನೀನು.”

ಸೋಂಕು ರಕ್ತಕ್ಕೆ ಇಳಿದಿತ್ತು. ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ತಂದ ಸೂಪು ಆರಿಹೋಗುತ್ತಿತ್ತು, ನಾನು ವಾಪಸ್ ತೆಗೆದುಕೊಂಡು ಹೋಗುತ್ತಿದ್ದೆ.

ತುಂಬಿದ ಬಕೆಟ್ಟುಗಳೊಂದಿಗೆ ದೋಣಿ ಮರಳಿದ ವಾರವೇ ಸ್ಕ್ಯಾನ್ ರಿಪೋರ್ಟ್ ಬಂತು. ಗಡ್ಡೆ ಲಿವರ್ ತುಂಬ ಹರಡಿತ್ತು. ಕೀಮೋದಿಂದ ಇನ್ನು ಪ್ರಯೋಜನವಿಲ್ಲ, ನಿಲ್ಲಿಸೋಣ ಎಂದರು. ಇದಕ್ಕಾಗಿಯೇ ಅವನನ್ನು ಉಳಿಸಿಕೊಂಡೆನಾ? ಅಂಗಡಿಯ ಹಿಂದೆ ಹೋಗಿ, ಮೀನಿನ ಡಬ್ಬಗಳ ನಡುವೆ ಕೂತು ಗೋಳೋ ಎಂದು ಅತ್ತೆ.

ಮನೆಗೆ ಬಂದ ಮೇಲೆ ಒಂದು ಸಂಜೆ ಅವನಾಗಿಯೇ ಮಾತಾಡಿದ. ಕಿಟಕಿಯಾಚೆ ಸಮುದ್ರ ಬೂದು ಬಣ್ಣಕ್ಕೆ ತಿರುಗಿತ್ತು.

“ಅದೇ ದಿನ ಮತ್ತೆ ಬಂದ್ರೆ ಏನ್ ಮಾಡ್ತೀಯಾ?”

“ಕೂಗ್ತೀನಿ.”

“ಗೊತ್ತು. ಅದಕ್ಕೇ ಮುಖ ತಿರುಗಿಸ್ಕೊಂಡಿದ್ದು.” ಓರೆಗಣ್ಣಿನಲ್ಲಿ ನನ್ನ ನೋಡಿ ನಕ್ಕ, ಎಷ್ಟೋ ದಿನಗಳ ಮೇಲೆ. “ನನ್ ಮದ್ವೆ ಆಗ್ತೀಯಾ?”

“ಈಗ್ಲಾ? ಇಷ್ಟ್ ವರ್ಷ ಏನ್ ಮಾಡ್ತಿದ್ದೆ?”

“ಹಕ್ಕಿ ಹಿಡೀತಿದ್ದೆ.”

ನಗಲು ಹೋಗಿ ಅತ್ತೆ. ಅವನು ನನ್ನ ಕೈ ಎಳೆದುಕೊಂಡ.

“ನನ್ ಹೆಂಡ್ತಿ ಅಂದ್ರೆ ಅಲ್ಲಿಗ್ ಬರ್ಬೇಡ ಅಂತ ಯಾರೂ ಅನ್ನಲ್ಲ. ಮುಂದಿನ ಸೀಸನ್ನಿಗೆ ತಿಪೆನೆ ಜೊತೆ ಹೋಗು. ಅಲ್ಲಿ ಅಪ್ಪ ಕಟ್ಟಿದ ಮನೆ ಬಾಗ್ಲು ಬಿಗಿ ಇರತ್ತೆ, ಕೆಳಗಡೆ ಒದ್ದು ತೆಗಿ.”

“ನೀನಿಲ್ದೆ ನಂಗ್ಯಾಕೋ ದ್ವೀಪ?”

“ಕಿತ್ಕೊಂಡಿದ್ದು ನೀನೇ ಅಲ್ವಾ? ನೀನೇ ಇಟ್ಕೋ.”

ಇನ್ನು ಪಾಲಿಸಲು ಯಾವ ರೂಲ್ಸೂ ಉಳಿದಿರಲಿಲ್ಲ. ಆಗ್ತೀನಿ ಎಂದೆ. ಅವನು ತಾನಾಗಿಯೇ ಬಾಗಿ ಹಣೆಗೆ ಹಣೆ ಒತ್ತಿದ. ಹಣೆ ತಣ್ಣಗಿತ್ತು. ಈ ಸಲ ಅವನು ಉಸಿರು ಬಿಟ್ಟ. ಅದನ್ನು ಪೂರ್ತಿ ಒಳಗೆಳೆದುಕೊಂಡೆ, ಹೊರಗೆ ಬಿಡಲು ನನಗೆ ಮನಸ್ಸೇ ಬರಲಿಲ್ಲ.