ನಲವತ್ತೊಂದು ಸಹಿಗಳು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತೂಕಾಲಿಗೆ ಶಾಲಾ ಶಿಕ್ಷಕಿಯೊಬ್ಬರು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಪತ್ರದ ಜೆರಾಕ್ಸ್ ಪ್ರತಿ ಇಟ್ಟರು.

"ಇದು ನಮ್ಮಪ್ಪನ ಸಹಿ ಮೇಡಂ. ತಾರೀಖು ನೋಡಿ, ಹೋದ ನವೆಂಬರ್. ಅಪ್ಪ ತೀರ್ಕೊಂಡು ಎರಡು ವರ್ಷ ಆಯ್ತು."

ತಂದೆಯ ಮನೆಗೆ ಅವರು ಹೊಸ ಕಂಪನಿಯ ಇಂಟರ್ನೆಟ್ ಕೇಳಿದ್ದರು. ಆ ಬೀದಿಗೆ ಕೊಡಲಾಗುವುದಿಲ್ಲ ಎಂದು ಕಂಪನಿ ಹೇಳಿತ್ತು. ಹಳೆಯ ದೂರವಾಣಿ ಕಂಪನಿಯ ಎಕ್ಸ್‌ಚೇಂಜ್ ಮುಚ್ಚಿದರೆ ಮಾತ್ರ ನೆಲದಡಿಯ ಅದರ ಕೇಬಲ್ ಕೊಳವೆಗಳು ಹೊಸಬರಿಗೆ ಸಿಗುತ್ತವೆ. ಆದರೆ ನಲವತ್ತು ಗ್ರಾಹಕರು ಬರವಣಿಗೆಯಲ್ಲಿ ಆಕ್ಷೇಪಿಸಿದರೆ ಎಕ್ಸ್‌ಚೇಂಜ್ ಮುಚ್ಚುವಂತಿಲ್ಲ. ಅದು ದೂರಸಂಪರ್ಕ ಪ್ರಾಧಿಕಾರದ ನಿಯಮ. ಪ್ರಾಧಿಕಾರಕ್ಕೆ ನಲವತ್ತೊಂದು ಪತ್ರಗಳು ಬಂದಿದ್ದವು. ಅದರಲ್ಲೊಂದು ಸತ್ತವರದು.

"ಅಪ್ಪನ ಲೈನ್ ರದ್ದು ಮಾಡಿಸಿರಲಿಲ್ವಾ?"

"ಮರ್ತೇ ಹೋಗಿತ್ತು ಮೇಡಂ."

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು.

ಮೊದಲ ಅನುಮಾನ ಹಳೆಯ ಕಂಪನಿಯ ಮೇಲೆಯೇ. ಪೈಪೋಟಿಗೆ ಬಂದವರನ್ನು ಹೊರಗಿಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಮಧ್ಯಾಹ್ನ ಅದರ ವಲಯ ವ್ಯವಸ್ಥಾಪಕರ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಕುಳಿತರು.

"ಎಕ್ಸ್‌ಚೇಂಜ್ ಉಳಿದ್ರೆ ನಿಮಗೇ ಲಾಭ ಅಲ್ವಾ?"

ಆತ ನಕ್ಕುಬಿಟ್ಟ. "ಅದು ನಮ್ಮ ಕೊರಳಿಗೆ ಕಟ್ಟಿದ ಬೀಸೋಕಲ್ಲು ಮೇಡಂ. ಯಾವಾಗ ಮುಚ್ತೀವೋ ಅಂತ ಕಾಯ್ತಾ ಇದೀವಿ. ಮುಚ್ಚೋಕೆ ಅನುಮತಿ ಕೇಳಿದ್ದೇ ನಾವು."

ಹಳಬರಿಗೂ ಬೇಡ, ಹೊಸಬರಿಗೂ ಬೇಡ. ಹಾಗಾದರೆ ಬೇಕಿದ್ದದ್ದು ಯಾರಿಗೆ?

ಹನ್ನೆರಡು, ಹದಿಮೂರು — ಎರಡು ದಿನ ಹೆಡ್ ಕಾನ್‌ಸ್ಟೆಬಲ್ ಪಟ್ಟಿ ಹಿಡಿದು ಬೀದಿ ಬೀದಿ ಸುತ್ತಿದರು. ಒಂಬತ್ತು ಜನ ಸತ್ತಿದ್ದರು. ಹೆಚ್ಚಿನವರು ಮನೆ ಬಿಟ್ಟು ಹೋಗಿದ್ದರು. ಸಿಕ್ಕವರು ಯಾರೂ ಸಹಿ ಹಾಕಿರಲಿಲ್ಲ.

"ಸತ್ತೋರ ಬಾಗಿಲು ತಟ್ಟಿ ತಟ್ಟಿ ಕೈ ನೋವು ಬಂತು ಮೇಡಂ," ಎಂದರು ಹೆಡ್.

ಸುಳಿವು ಸಿಕ್ಕಿದ್ದು ಶಿಕ್ಷಕಿಯಿಂದಲೇ. ಸಹಿಯನ್ನು ಮತ್ತೆ ನೋಡಿ ಆಕೆ ಹೇಳಿದರು: "ಕೊನೇ ಹತ್ತು ವರ್ಷ ಅಪ್ಪನ ಕೈ ನಡುಗ್ತಿತ್ತು. ಇದು ಅವರ ಪ್ರಾಯದ ಕಾಲದ ಸಹಿ."

ಅಂದರೆ ನಕಲು ಮಾಡಿದವನ ಮುಂದೆ ಇದ್ದದ್ದು ಹಳೆಯ ಕಾಗದ. ದೂರವಾಣಿಗೆಂದು ಮೊದಲು ಕೊಟ್ಟ ಅರ್ಜಿ. ಆ ಅರ್ಜಿಗಳು ಎಕ್ಸ್‌ಚೇಂಜಿನ ಬೀರುವಿನಲ್ಲಿದ್ದವು, ಬೀರುವಿನ ಕೀಲಿ ಟೆಕ್ನೀಷಿಯನ್ ಬಳಿ.

ಹದಿನಾಲ್ಕರಂದು ಬೆಳಿಗ್ಗೆ ಒಂಬತ್ತೂವರೆ. ಎಕ್ಸ್‌ಚೇಂಜಿನಲ್ಲಿ ಸಾಲು ಸಾಲು ಕಬ್ಬಿಣದ ಚೌಕಟ್ಟುಗಳು, ಬಹುತೇಕ ಬರಿದು. ಒಂದು ಮೇಜು, ಒಂದು ಕುರ್ಚಿ. ಬಂದವರಿಗೆ ಕೂರಲು ಇನ್ನೊಂದಿಲ್ಲ. ಐವತ್ತೈದರ ಟೆಕ್ನೀಷಿಯನ್ ಎದ್ದು ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಬೀರುವಿನಲ್ಲಿ ಅರ್ಜಿಗಳು. ಮೇಜಿನ ಮೇಲೆ ದಿನದ ಪರೀಕ್ಷಾ ಕರೆಗಳ ಪುಸ್ತಕ. ಪ್ರತಿ ಪುಟದಲ್ಲೂ ನಲವತ್ತು ಸಂಖ್ಯೆಗಳ ಮುಂದೆ 'ಉತ್ತರವಿಲ್ಲ', ಒಂದರ ಮುಂದೆ ಮಾತ್ರ 'ಸರಿ ಇದೆ'. ಆ ಒಂದು ಸಂಖ್ಯೆ ಯಾರದೆಂದು ಇನ್‌ಸ್ಪೆಕ್ಟರ್ ಬರೆದುಕೊಂಡರು. ಡ್ರಾಯರಿನ ತಳದಲ್ಲಿ ಒಡೆದ ಲಕೋಟೆಯೊಂದು ಸಿಕ್ಕಿತು. ಅದೇ ಗ್ರಾಹಕಿ ಅಕ್ಟೋಬರಿನಲ್ಲಿ ಬರೆದ ಪತ್ರ: ಲೈನ್ ಮುಚ್ಚಲು ನನ್ನ ಒಪ್ಪಿಗೆ ಇದೆ.

ಆಕೆ ಮನೆಯಲ್ಲೇ ಬಟ್ಟೆ ಹೊಲಿಯುವವರು. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಅಲ್ಲಿದ್ದರು.

"ಹೌದು, ಬರೆದಿದ್ದೆ. ಮೊಬೈಲ್ ಇದೆಯಲ್ಲ, ಇದನ್ನ ಇಟ್ಕೊಂಡು ಏನ್ ಮಾಡ್ಲಿ? ದಿನಾ ಹತ್ತು ಗಂಟೆಗೆ ಟೆಸ್ಟ್ ಫೋನ್ ಬರುತ್ತೆ ಅಷ್ಟೇ. ಇವತ್ತು ಅದೂ ಬರ್ಲಿಲ್ಲ."

"ಏನ್ ಮಾತಾಡ್ತಾರೆ?"

"ಲೈನ್ ಸರಿ ಇದೆಯಾಮ್ಮಾ ಅಂತಾರೆ. ಇದೆ ಅಂತೀನಿ. ಆಮೇಲೆ ನಾನೇ ಏನಾದ್ರೂ ಹೇಳ್ತಿರ್ತೀನಿ. ಗುಂಡಿ ಕಾಜಾ, ನಮ್ಮಕ್ಕನ ಮಗಳ ಜಗಳ... ಪಾಪ, ಸಹನೆಯಿಂದ ಕೇಳ್ತಾರೆ. ಯಾರು ಅಂತ ಗೊತ್ತಿಲ್ಲ."

ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿ ವಿಚಾರಣೆ. ಟೆಕ್ನೀಷಿಯನ್ ಏನನ್ನೂ ಮುಚ್ಚಿಡಲಿಲ್ಲ.

"ಮೊದಲು ಯಾರ ಸಹಿ ಹಾಕಿದ್ದು?"

"ಆಯಮ್ಮಂದು. ಒಂದು ಪತ್ರ ಸಾಲ್ದು ಅಂತ ಆಮೇಲೆ ಗೊತ್ತಾಯ್ತು. ನಲವತ್ತು ಬೇಕಿತ್ತು. ಉಳಿದಿದ್ದ ಲೈನ್ ನಲವತ್ತೊಂದು. ಎಲ್ಲಾ ಹಾಕ್ದೆ."

"ಎಷ್ಟು ವರ್ಷದಿಂದ ಈ ಫೋನು?"

"ಹನ್ನೊಂದು."

"ಅವರನ್ನ ಒಂದ್ಸಲಾನೂ ನೋಡಿಲ್ವಾ?"

"ಇಲ್ಲ. ಲೈನ್ ಯಾವತ್ತೂ ಕೆಡಲಿಲ್ಲ ಮೇಡಂ. ನಾನೇ ಚೆನ್ನಾಗಿ ಇಟ್ಟಿದ್ದೆ."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದರು. ಇನ್‌ಸ್ಪೆಕ್ಟರ್ ಕೇಳಿದರು: "ಅವರ ಹತ್ರ ಮೊಬೈಲ್ ಇದೆಯಲ್ರೀ. ನಂಬರ್ ಕೇಳಿದ್ರೆ ಆಗ್ತಿತ್ತು."

ಆತ ತಲೆಯೆತ್ತಿ ನೋಡಿದ. ಪ್ರಶ್ನೆಯೇ ಅರ್ಥವಾಗದವನಂತಿದ್ದ.

"ಏನಂತ ಫೋನ್ ಮಾಡ್ಲಿ ಮೇಡಂ?"

ಸಂಜೆ ನಾಲ್ಕೂ ಹತ್ತಕ್ಕೆ ಬಂಧನ ದಾಖಲಾಯಿತು. ವಿಷಯ ಯಾರಿಗೆ ತಿಳಿಸಬೇಕು ಎಂದು ಹೆಡ್ ಕೇಳಿದಾಗ ಆತ ಬಹಳ ಯೋಚಿಸಿ, ಯಾರೂ ಇಲ್ಲ ಎಂದ. ಆ ಕಾಲಂ ಖಾಲಿ ಉಳಿಯಿತು. ಕೇಸ್ ಡೈರಿಯಲ್ಲಿ ಇನ್‌ಸ್ಪೆಕ್ಟರ್ ಬರೆದರು: ಆರೋಪಿಗೆ ಹಣದ ಲಾಭವಿಲ್ಲ. ದಿನಕ್ಕೊಂದು ಕರೆ ನಿಂತುಹೋಗಬಾರದೆಂದು ಕೃತ್ಯ ಎಸಗಿದ್ದಾನೆ.