ಅವರ ಕೈಗೇ ಕೊಡಬೇಕಾದ ಕಾಗದ

ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. 1973ರ ಏಪ್ರಿಲ್ 23, ಸೋಮವಾರ. ನಾಸಿಕ್ ರೋಡ್ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಸುಗುಣಾ ಒಂದು ಲಕೋಟೆ ಇಟ್ಟಳು. ಅದರೊಳಗಿನ ಕಾಗದ ಅವಳನ್ನು ಏಪ್ರಿಲ್ 16ಕ್ಕೆ ಮಂಗಳೂರಿನ ಶಾಲೆಯೊಂದರ ಸಂದರ್ಶನಕ್ಕೆ ಕರೆದಿತ್ತು.

ಆ ದಿನ ದಾಟಿ ಒಂದು ವಾರವಾಗಿತ್ತು.

"ಇದನ್ನ ಅಡುಗಿ ಮುದ್ದಣ್ಣನ ಕೈಯಾಗ ಕಳಿಸಿದವರು ಯಾರ್ರಿ?"

ಗಲ್ಲಾದಲ್ಲಿ ಕೂತಿದ್ದವನು ತಲೆಯೆತ್ತಿದ. ಮೂವತ್ತೆರಡರ ಆಸುಪಾಸು, ಅರ್ಧ ತೋಳಿನ ಬಿಳಿ ಅಂಗಿ. ಅವಳು ಇಲ್ಲಿನ ಶಾಲೆಯಲ್ಲಿ ಕಲಿಸುತ್ತ ಈ ಹೋಟೆಲಿನಲ್ಲಿ ಒಂಬತ್ತು ತಿಂಗಳು ಉಂಡವಳು. ಆಗ ಆ ಜಾಗದಲ್ಲಿ ಇರುತ್ತಿದ್ದವರು ಮಾಲೀಕ ಉಮಾನಾಥರು. ಇವನ ಮುಖ ಹೊಸದು.

"ನಾನೇ. ರತ್ನಾಕರ ಅಂತ, ಉಮಾನಾಥರ ತಮ್ಮ. ನೀವು... ಸುಗುಣಾ ಟೀಚರಾ? ಹಾಗಾದ್ರೆ ಕಾಗದ ಸಿಕ್ಕಿತು!"

ಅವನ ಮುಖದಲ್ಲಿ ಖುಷಿ! ನಿಜವಾದ ಖುಷಿ!

ಸುಗುಣಾ ಲಕೋಟೆಯನ್ನು ಅವನತ್ತ ತಳ್ಳಿದಳು. ಔರಂಗಾಬಾದಿನಿಂದ ನಸುಕಿನ ಎಸ್.ಟಿ. ಬಸ್ಸಿನಲ್ಲಿ ಆರು ತಾಸು ಕೂತು ಬಂದಿದ್ದಳು. ಇಲ್ಲಿನ ಶಾಲೆಯಿಂದ ಅನುಭವದ ಪ್ರಮಾಣಪತ್ರ ತರುವುದಿತ್ತು. ಜಗಳವಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಈಗ ನೋಡಿದರೆ ಜಗಳಕ್ಕೂ ತ್ರಾಣವಿಲ್ಲ...

"ಸಿಕ್ತು. ಇಪ್ಪತ್ತನೇ ತಾರೀಖಿಗೆ ಸಿಕ್ತು. ಓದಿ ನೋಡ್ರಿ."

ಅವನು ಓದಿದ. ಖುಷಿ ಒಂದೊಂದೇ ಸಾಲಿಗೆ ಇಳಿಯುತ್ತ ಹೋಯಿತು.

"ನಾ ಊರಿಗೆ ಹೋಗುವಾಗ ಟಿಕೆಟ್ ಹಚ್ಚಿ, ಪತ್ತಾ ಬರೆದು, ಮೂರು ಲಕೋಟೆ ನಿಮ್ಮಣ್ಣನ ಹತ್ರ ಕೊಟ್ಟು ಹೋಗಿದ್ದೆ. ಬಂದ ಚಿಟ್ಠಿ ಅದರಾಗ ಹಾಕಿ ಪೋಸ್ಟಿಗೆ ಹಾಕಿದ್ರ ಎರಡೇ ದಿನ!"

"ಗೊತ್ತುಂಟು. ಅಣ್ಣ ಹೇಳಿದ್ರು. ಆದ್ರೆ ಮುದ್ದಣ್ಣ ಹೇಗೂ ಔರಂಗಾಬಾದಿನ ಹೋಟೆಲಿಗೆ ಅಡುಗೆಗೆ ಹೊರಟಿದ್ದ. ಜನ ಹೋಗುವಾಗ ಕಾಗದ ಪೋಸ್ಟಿಗೆ ಹಾಕುವ ಕ್ರಮ ನಮ್ಮಲ್ಲಿ ಇಲ್ಲ..."

ಅದು ಸುಳ್ಳಲ್ಲ. ಗಲ್ಲಾದ ಹಿಂದೆ ಗೂಡುಗೂಡಾಗಿದ್ದ ಮರದ ಕಪಾಟು ಆ ಭಾಗದ ಕನ್ನಡಿಗರ ಅಂಚೆ ಪೆಟ್ಟಿಗೆ. ಸ್ವಂತ ವಿಳಾಸವಿಲ್ಲದವರ ಕಾಗದಗಳೆಲ್ಲ ಹೋಟೆಲಿನ ಹೆಸರಿಗೇ ಬರುತ್ತಿದ್ದವು. ಆ ಕಡೆ ಹೋಗುವವರು ಸಿಕ್ಕರೆ ಕೈಯಲ್ಲೇ ಹೋಗುತ್ತಿದ್ದವು. ಅಂಚೆಯಲ್ಲಿ ಹಾಕಿದ್ದು ಕಳೆಯಬಹುದು, ನಮ್ಮವನ ಕೈಯಲ್ಲಿ ಕೊಟ್ಟದ್ದು ಕಳೆಯದು ಎಂಬ ನಂಬಿಕೆ.

ಕಾಗದ ಕಳೆದಿರಲಿಲ್ಲ, ನಿಜ.

"ಮುದ್ದಣ್ಣ ಏಪ್ರಿಲ್ ಮೂರಕ್ಕೇ ನಮ್ಮನಿಗೆ ಬಂದಾನ. ನಾ ಭಾಲ್ಕಿಗೆ ಮದುವಿಗೆ ಹೋದಾಕಿ ಇಪ್ಪತ್ತಕ್ಕ ತಿರುಗಿ ಬಂದೆ. ಅವ್ವ 'ಕೊಡಪ್ಪಾ, ನಾ ಕೊಡ್ತೀನಿ' ಅಂದ್ರ, ಇಲ್ಲಂದ! ಮೂರು ಸರ್ತಿ ಬಂದು ಚಾ ಕುಡಿದು, ಮೂರು ಸರ್ತಿ ಚಿಟ್ಠಿ ಕಿಸೆದಾಗ ಇಟ್ಕೊಂಡು ವಾಪಸ್ ಹೋಗ್ಯಾನ! 'ಅವರ ಕೈಗೇ ಕೊಡು ಅಂದಾರ ಧಣಿಗಳು' ಅಂತ. ಯಾಕ್ರಿ? ಅವ್ವನ ಕೈಗೆ ಕೊಟ್ಟಿದ್ರ ಏನಾಗ್ತಿತ್ತು?"

ರತ್ನಾಕರನ ಕಿವಿ ಕೆಂಪಾಯಿತು.

"ಅದು... ಮಂಗಳೂರಿನ ಮುದ್ರೆ. ವಿಳಾಸ ಕೈಬರಹದ್ದು. ಶಾಲೆಯ ಹೆಸರು ಹೊರಗೆ ಎಲ್ಲಿಯೂ ಇಲ್ಲ. ನಾನು ಎಣಿಸಿದ್ದು... ಯಾರಾದರೂ..."

"ಯಾರಾದರೂ?"

"ನಿಮಗೆ ಬೇಕಾದವರು ಬರೆದದ್ದು ಅಂತ. ಮನೆಯವರ ಕೈಗೆ ಸಿಕ್ಕಿದ್ರೆ ನಿಮಗೆ ತೊಂದರೆ ಆದೀತು ಅಂತ."

ಸುಗುಣಾ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ನಗು ನಿಲ್ಲಲಿಲ್ಲ... ನಿಂತಾಗ ಕೆನ್ನೆ ಒದ್ದೆಯಾಗಿತ್ತು.

"ಬಾಳ ಉಪಕಾರ ಆಯ್ತ್ರಿ! ಈಗ ಅವ್ವಾನೂ ಹಂಗೇ ತಿಳಕೊಂಡಾಳ. ಲಗ್ನದ ವಯಸ್ಸಿನ ಹುಡುಗಿಗೆ, ತಾಯಿ ಕೈಗೂ ಕೊಡಲಾರದ ಚಿಟ್ಠಿ! ಅಪ್ಪ ಕಲಬುರ್ಗಿ ಗುರುಲಿಂಗಪ್ಪನವರಿಗೆ ಮಾತು ಕೊಡ್ಲಾಕ ಕೂತಾರ. ಹೆಂಡತಿ ಸತ್ತವರು, ನಲವತ್ತೊಂದು ವಯಸ್ಸು. ಬಸವ ಜಯಂತಿಯೊಳಗ ನಾ ಹೂಂ ಅನ್ಬೇಕಂತ."

ಅವನು ಗಲ್ಲಾದಿಂದ ಎದ್ದು ಹೊರಗೆ ಬಂದ.

"ಒಳಗೆ ಬನ್ನಿ. ಮೊದಲು ಊಟ. ಆಮೇಲೆ ಎಂತ ಮಾಡ್ಲಿಕ್ಕೆ ಆಗ್ತದೆ ನೋಡುವ."

*

ಫ್ಯಾಮಿಲಿ ರೂಮಿನ ಪರದೆಯನ್ನು ಅವನು ಪೂರ್ತಿ ಸರಿಸಿಯೇ ಕೂತ. ಎಲ್ಲರಿಗೂ ಕಾಣುವಂತೆ. ಅದು ಅವಳ ಗಮನಕ್ಕೆ ಬಂತು.

"ಮಂಗಳೂರೇ ಯಾಕೆ?"

ಅವಳು ಅನ್ನ ಕಲಸುತ್ತ ಹೇಳಿದಳು. ಬಿ.ಎ., ಬಿ.ಎಡ್., ಹಿಂದಿಯಲ್ಲಿ ಬೇರೆ ಪರೀಕ್ಷೆ. ಇಪ್ಪತ್ತೊಂಬತ್ತು ವಯಸ್ಸು. ಏಳು ವರ್ಷ, ನಾಲ್ಕು ಊರು, ಆರು ಶಾಲೆ. ಎಲ್ಲವೂ ಯಾರೋ ರಜೆ ಹಾಕಿದ ಜಾಗ. ಬಾಣಂತಿ ತಿರುಗಿ ಬಂದರೆ ಇವಳು ಟ್ರಂಕು ಕಟ್ಟಬೇಕು. ಔರಂಗಾಬಾದಿನಲ್ಲಿ ಈ ಬೇಸಿಗೆ ವಾರಕ್ಕೆರಡು ಸಲ ನಲ್ಲಿ ನೀರು.

"ಮುಂಬಯಿ ನೋಡೀನಿ. ಸಮುದ್ರ ಅದ, ಆದ್ರ ನನ್ನಂಥಾಕಿಗೆ ಇರ್ಲಾಕ ಖೋಲಿ ಇಲ್ಲ. ಸಣ್ಣ ಊರಾಗ ಖೋಲಿ ಅದ, ನೌಕರಿ ಇಲ್ಲ. ಬಾಳ ದೊಡ್ಡದೂ ಅಲ್ಲ, ಬಾಳ ಸಣ್ಣದೂ ಅಲ್ಲ... ಒಂದು ಪಕ್ಕಾ ನೌಕರಿ, ಕೀಲಿ ಹಾಕೋ ಒಂದು ಬಾಗಿಲು, ದಿನಾ ನೀರು, ಸಂಜಿಗೆ ಕೂಡ್ಲಾಕ ಸಮುದ್ರದ ದಂಡಿ. ಬಾಳ ಕೇಳಿದೆನೇನ್ರಿ?"

"ಬೆವರು ಉಂಟು ಅಲ್ಲಿ," ಎಂದ ಅವನು ಗಂಭೀರವಾಗಿ. "ಮಳೆಗಾಲದಲ್ಲಿ ಸೀರೆ ಒಣಗ್ಲಿಕ್ಕೆ ಮೂರು ದಿನ. ಈಗಲೇ ಹೇಳಿಬಿಡ್ತೇನೆ."

"ಮೂರು ದಿನ ಒಣಗದಷ್ಟು ನೀರು!" ಎಂದಳು ಸುಗುಣಾ. ಅವಳ ದನಿಯಲ್ಲಿ ಆಸೆಯಿತ್ತು.

ಮಧ್ಯಾಹ್ನ ಎರಡಕ್ಕೆ ಇಬ್ಬರೂ ತಾರಾಫೀಸಿನಲ್ಲಿದ್ದರು. ತಪ್ಪು ಹೋಟೆಲಿನದು, ಅಭ್ಯರ್ಥಿಯದಲ್ಲ, ಇನ್ನೊಂದು ದಿನ ಕೊಡಿ ಎಂದು ಅವನೇ ತನ್ನ ಹೆಸರಿನಲ್ಲಿ ಶಾಲೆಗೆ ತಂತಿ ಬರೆದ. ಉತ್ತರದ ತಂತಿಯ ಶುಲ್ಕವನ್ನೂ ಮುಂಚಿತವಾಗಿ ಕಟ್ಟಿದ.

"ಉತ್ತರ ಬಂದ್ರ ಯಾರ ಕೈಯಾಗ ಕಳಿಸ್ತೀರಿ?" ಬಸ್ಸು ಹತ್ತುವಾಗ ಅವಳು ಕೇಳಿದಳು.

"ಪೋಸ್ಟಿನಲ್ಲೇ," ಎಂದ ಅವನು ತಲೆ ತಗ್ಗಿಸಿ. "ನಿಮ್ಮ ತಂದೆಯ ಹೆಸರಿಗೆ."

*

ಮೊದಲ ಕಾರ್ಡು ಬಂದದ್ದು ಏಪ್ರಿಲ್ 26ಕ್ಕೆ. ಲಕೋಟೆಯಲ್ಲ, ಬಿಡಿ ಕಾರ್ಡು. ಅಂಚೆಯವನೂ ಓದಬಹುದಾದ್ದು.

ಸುಗುಣಾ ಕಲಿತದ್ದು ಮರಾಠಿಯಲ್ಲಿ. ಕನ್ನಡ ಮಾತು ಬಾಯಲ್ಲಿತ್ತು, ಅಕ್ಷರ ಮಾತ್ರ ಕೂಡಿಸಿ ಕೂಡಿಸಿ ಓದಬೇಕಿತ್ತು. ಅವಳಪ್ಪ ಮನ್ಮಥಪ್ಪ ನಿಜಾಮನ ಕಾಲದಲ್ಲೇ ಭಾಲ್ಕಿಯಲ್ಲಿ ಕನ್ನಡ ಕಲಿತ ಗುಮಾಸ್ತ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"'ಮಾನ್ಯ ಮನ್ಮಥಪ್ಪನವರಿಗೆ. ನಿಮ್ಮ ಮಗಳಿಗೆ ಬಂದದ್ದು ಶಾಲೆಯ ಕಾಗದ. ಅದನ್ನು ಬೇರೇನೋ ಎಂದು ತಿಳಿದದ್ದು ನನ್ನ ಮೂರ್ಖತನ. ಅವರ ತಪ್ಪು ಏನೂ ಇಲ್ಲ. ನಿಮ್ಮ ಮನೆಯಲ್ಲಿ ಮೂರು ಸಲ ಚಹಾ ಕುಡಿದುದಕ್ಕೆ ಮುದ್ದಣ್ಣನ ಪರವಾಗಿಯೂ ಕ್ಷಮೆ.'"

"ಚಾದ ಜೋಡಿ ಎಂಟು ಚಪಾತಿನೂ ತಿಂದಾನ. ಅದನ್ನ ಬರೆದಿಲ್ಲೇನು?" ಎಂದಳು ತಾಯಿ ಕಾಶಿಬಾಯಿ.

ಆದರೂ ಆ ದಿನ ಮನೆಯ ಗಾಳಿ ಸ್ವಲ್ಪ ಹಗುರವಾಯಿತು.

ರತ್ನಾಕರ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಮಂಗಳೂರಿನ ಉತ್ತರದ ತಂತಿ 28ಕ್ಕೆ ಬಂತು. ಆರಿಸಿದ್ದ ಅಭ್ಯರ್ಥಿ ಬರಲೊಲ್ಲೆ ಎಂದಿದ್ದರು, ಹುದ್ದೆ ಖಾಲಿಯೇ ಇತ್ತು. ಹೊಸ ಸಂದರ್ಶನ ಮೇ 21, ಬೆಳಗ್ಗೆ ಹತ್ತು.

"ಒಬ್ಬಾಕಿ ಹುಡುಗಿ, ಅಷ್ಟು ದೂರ, ಗೊತ್ತಿಲ್ಲದ ಊರು..." ಮನ್ಮಥಪ್ಪ ತಲೆ ಅಲ್ಲಾಡಿಸಿದರು. "ಗುರುಲಿಂಗಪ್ಪ ಬ್ಯಾಡ ಅಂತೀಯೇನು?"

ಸುಗುಣಾ ತಂತಿಯನ್ನು ಮಡಿಚಿ ಲಕೋಟೆಗೆ ಹಾಕಿದಳು. ಹೂಂ ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ... ತಾನೂ ಸುಮ್ಮನಾಗಬಹುದು... ಏಳು ವರ್ಷದ ದಣಿವು ಅವಳ ಕಿವಿಯಲ್ಲಿ ಅದನ್ನೇ ಹೇಳುತ್ತಿತ್ತು.

ಆಗ ಬರತೊಡಗಿದವು ಉಳಿದ ಕಾರ್ಡುಗಳು. ಎಲ್ಲವೂ ಮನ್ಮಥಪ್ಪನವರ ಹೆಸರಿಗೆ. ಎಲ್ಲವನ್ನೂ ಅವರೇ ಗಟ್ಟಿಯಾಗಿ ಓದುತ್ತಿದ್ದರು.

"'ಶಾಲೆಯಿಂದ ಒಂದು ಫರ್ಲಾಂಗಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ವಸತಿ ಉಂಟು. ಹನ್ನೊಂದು ಜನ ಇದ್ದಾರೆ. ಕುಸುಮಾವತಿ ಖುದ್ದು ಹೋಗಿ ನೋಡಿ ಬಂದಿದ್ದಾಳೆ.'"

"'ನಲ್ಲಿ ನೀರು ದಿನಕ್ಕೆರಡು ಸಲ. ವಸತಿಯಲ್ಲಿ ಬಾವಿಯೂ ಉಂಟು. ಮೇ ತಿಂಗಳಲ್ಲೂ ಬತ್ತಿಲ್ಲ.'"

"'ಸಮುದ್ರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಬ್ಬರು ಎರಡು ರೀತಿ ಹೇಳಿದರು. ಕುಸುಮಾವತಿ ವಿಚಾರಿಸುತ್ತಿದ್ದಾಳೆ.'"

"ಪೇಪರ್‌ದವರ ಹಂಗ ಬರೀತಾನ ಮಗಾ!" ಮನ್ಮಥಪ್ಪನವರ ದನಿಯಲ್ಲಿ ಮೆಚ್ಚುಗೆಯಿತ್ತು. "ಗೊತ್ತಿಲ್ಲಾರ್ದು ಗೊತ್ತಿಲ್ಲ ಅಂತಾನ."

ಬಸವ ಜಯಂತಿ ಬಂತು, ಹೋಯಿತು. ಮೊದಲು ಮಂಗಳೂರು ನೋಡಿ ಬರೋಣ ಎಂದು ಅವರೇ ಗುರುಲಿಂಗಪ್ಪನವರಿಗೆ ಬರೆದು ಹಾಕಿದರು.

ಸುಗುಣಾ ಮಾತ್ರ ಒಂದು ಹೆಸರಿನಲ್ಲೇ ಸಿಕ್ಕಿಬಿದ್ದಿದ್ದಳು. ಕುಸುಮಾವತಿ! ಕಾರ್ಡಿಗೊಮ್ಮೆ ಕುಸುಮಾವತಿ! ಯಾರು ಅವಳು? ಗೊತ್ತು ಮಾಡಿಟ್ಟ ಹುಡುಗಿಯಾ? ಇದ್ದರೆ ನನಗೇನು... ಅವನು ತನ್ನ ತಪ್ಪಿಗೆ ದಂಡ ಕಟ್ಟುತ್ತಿದ್ದಾನೆ, ಅಷ್ಟೇ...

ಆದರೂ ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಮೊದಲು ಹೋಗುತ್ತಿದ್ದವಳು ಅವಳೇ.

*

ಮೇ 18, ಶುಕ್ರವಾರ. ಮಧ್ಯಾಹ್ನ ಮೂರೂವರೆ. ತಂದೆ ಮಗಳು ನಾಸಿಕ್ ರೋಡಿನಲ್ಲಿ ಇಳಿದರು. ಇಲ್ಲಿಂದ ಮುಂಬಯಿಗೆ ರೈಲು, ಅಲ್ಲಿಂದ ಮಂಗಳೂರಿನ ಬಸ್ಸು. ರೈಲಿಗೆ ಒಂದು ತಾಸು ಇತ್ತು.

ರತ್ನಾಕರ ಮನ್ಮಥಪ್ಪನವರಿಗೆ ಕೈಮುಗಿದ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಾರ್ಡ್ ಬರೆಯೋರು ನೀವೇ ಏನು? ಇಷ್ಟು ಸಣ್ಣವರಿರ್ತೀರಿ ಅಂತ ತಿಳಿದಿರಲಿಲ್ಲ. ಕೊನೀ ಬಸ್ಸು ಎಷ್ಟಕ್ಕಂತ, ಗೊತ್ತಾಯ್ತೇನು?"

"ಎಂಟೂ ಕಾಲಿಗೆ. ಕುಸುಮಾವತಿ ಡ್ರೈವರನ್ನೇ ಕೇಳಿದ್ದಾಳೆ."

ಅವರು ಕೈ ತೊಳೆಯಲು ಹಿಂದಕ್ಕೆ ಹೋದರು. ಅಲ್ಲಿ ಉಮಾನಾಥರು ಸಿಕ್ಕಿ ಮಾತು ಬೆಳೆಯಿತು.

ಸುಗುಣಾ ಗಲ್ಲಾದ ಮುಂದೆ ನಿಂತಿದ್ದಳು, ಇಪ್ಪತ್ತೈದು ದಿನಗಳ ಹಿಂದೆ ನಿಂತಿದ್ದ ಜಾಗದಲ್ಲೇ.

"ಕುಸುಮಾವತಿಯವರಿಗೆ ನನ್ನ ನಮಸ್ಕಾರ ತಿಳಿಸ್ರಿ. ನನ್ನ ಸಲುವಾಗಿ ಬಾಳ ತಿರುಗ್ಯಾರ. ಲಗ್ನ... ಯಾವಾಗ್ರಿ?"

"ಆಯ್ತಲ್ಲ. ಎರಡು ಮಕ್ಕಳು."

"ಆಂ?"

"ನನ್ನ ತಂಗಿ ಮಾರ್ರೆ ಅವಳು! ಬರೀಲಿಲ್ವಾ ನಾನು?" ಅವನು ನೆನಪಿಸಿಕೊಂಡು ಹಣೆ ಒತ್ತಿಕೊಂಡ. "ಇಲ್ಲ... ಬರೀಲಿಲ್ಲ."

"ಬಸ್ಸಿನ ಟೈಮ್ ಬರೀತೀರಿ, ಬಾವಿ ನೀರು ಬರೀತೀರಿ. ತಂಗಿ ಅಂತ ಬರೆಯೂದು ಬಿಡ್ತೀರಿ!"

ಅವಳಿಗೆ ನಗು ಬಂತು. ಆಮೇಲೆ ನಗು ಹೋಯಿತು. ಕೇಳಬೇಕಾದ್ದು ಇನ್ನೊಂದಿತ್ತು. ಈ ರೈಲು ಹತ್ತಿದರೆ ಕೇಳಲು ಆಗುವುದಿಲ್ಲ.

"ನಿಮ್ಮ ತಪ್ಪು ಮೊದಲನೇ ಕಾರ್ಡಿಗೇ ತೀರ್ತ್ರಿ. ಆಮೇಲೆ ಐದು ಯಾಕ ಬರೆದ್ರಿ?"

ಅವನು ಹಿಂದೆ ತಿರುಗಿ, ಕಪಾಟಿನ ಎಲ್ಲಕ್ಕಿಂತ ಮೇಲಿನ ಗೂಡಿನಿಂದ ಒಂದು ಲಕೋಟೆ ತೆಗೆದ. ಅಂಚೆ ಚೀಟಿ ಇರಲಿಲ್ಲ. ವಿಳಾಸವೂ ಇರಲಿಲ್ಲ. ಅವಳ ಹೆಸರು ಮಾತ್ರ.

"ಇದು ಏಳನೆಯದ್ದು. ಹತ್ತು ದಿನದಿಂದ ಇಲ್ಲೇ ಉಂಟು. ಕಾರ್ಡಿನಲ್ಲಿ ಬರೆಯುವಂಥದ್ದಲ್ಲ. ನಿಮ್ಮ ತಂದೆಯ ಹೆಸರಿಗೆ ಹಾಕುವಂಥದ್ದೂ ಅಲ್ಲ... ನಿಮ್ಮ ಕೈಗೇ ಕೊಡಬೇಕಾದ್ದು."

ಸುಗುಣಾ ಕೈಚಾಚಿ ಅದನ್ನು ತೆಗೆದುಕೊಂಡಳು. ಏಳು ವರ್ಷ ಅವಳು ಎಲ್ಲ ಕಾಗದಗಳಿಗೂ ತಾನೇ ಕಾದಿದ್ದಳು. ತನಗಾಗಿ ಕಾದು ಕೂತ ಕಾಗದ ಇದೊಂದೇ.

"ಒಳಗ ಏನದ?"

"ಮಂಗಳೂರಿನಲ್ಲಿ ಒಂದು ಸಣ್ಣ ಹೋಟೆಲು ಹಾಕಬೇಕು ಅಂತ ನನಗೆ ಮೊದಲಿಂದ ಇತ್ತು. ಯಾಕೆ ಹೋಗಬೇಕು ಅಂತ ಮಾತ್ರ ಗೊತ್ತಿರಲಿಲ್ಲ." ಅವನು ಲಕೋಟೆಯತ್ತ ಬೆರಳು ತೋರಿದ. "ನಿಮಗೆ ಕೆಲಸ ಸಿಕ್ಕಿದ ಮೇಲೆ ಓದಿ. ಸಿಗದಿದ್ದರೂ ಓದಿ. ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಬೇಡ ಅಂದ್ರೂ ವಸತಿ ನಿಮ್ಮದೇ, ಬಾವಿ ಬತ್ತುವುದಿಲ್ಲ."

"ನನಗ ಕನ್ನಡ ಓದೂದು ತಡಾ ಆಗ್ತದ್ರಿ..." ಅವಳು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಅಪ್ಪನ ಕೈಲೆ ಓದಿಸಲೇನು?"

"ಅಯ್ಯೋ, ಬೇಡ!"

"ಹಂಗಾರ ತಡಾ ಆಗ್ತದ."

"ತಡ ಆಗಲಿ," ಎಂದ ರತ್ನಾಕರ. "ನಾನು ಇಲ್ಲೇ ಇರ್ತೇನೆ."

"ಉತ್ತರ ಯಾರ ಕೈಯಾಗ ಕಳಿಸ್ಲಿ?"

"ಯಾರ ಕೈಯಲ್ಲೂ ಬೇಡ! ಪೋಸ್ಟಿಗೆ ಹಾಕಿ!"

ಮನ್ಮಥಪ್ಪ ತಿರುಗಿ ಬಂದಾಗ ಇಬ್ಬರೂ ನಗುತ್ತಿದ್ದರು. ಲಕೋಟೆ ಅವಳ ಚೀಲದಲ್ಲಿ, ಪ್ರಮಾಣಪತ್ರಗಳ ಮೇಲೆ ಇತ್ತು.

ಬಸ್ಸು ಕೊಲ್ಹಾಪುರ ದಾಟುವ ಹೊತ್ತಿಗೆ ಅವಳು ಆ ಎರಡು ಪುಟ ಓದಿ ಮುಗಿಸಿದಳು. ಜೂನ್ 4, ಸೋಮವಾರ, ಅವಳು ಹಿಂದಿ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದಳು. ಅದೇ ಸಂಜೆ ಉತ್ತರ ಬರೆದು ಪೆಟ್ಟಿಗೆಗೆ ಹಾಕಿದಳು. ಕನ್ನಡದಲ್ಲಿ ಅವಳು ಬರೆದ ಮೊದಲ ಕಾಗದ ಅದು, ನಾಲ್ಕು ಸಾಲು. ಲಿಂಗ ಕಟ್ಟಿದ ಮನೆಯವರನ್ನೂ ತುಳು ಮಾತಾಡುವ ಮನೆಯವರನ್ನೂ ಒಪ್ಪಿಸಲು ಹದಿನಾಲ್ಕು ತಿಂಗಳು ಹಿಡಿಯಿತು. 1974ರ ಆಗಸ್ಟಿನಲ್ಲಿ ಮಂಗಳೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನಡೆಯಿತು. ಸೀರೆ ಒಣಗಲು ನಾಲ್ಕು ದಿನ ಬೇಕಾಯಿತು.